ಹಗಲಿಗೆ ರಾಮ, ಇರುಳಿಗೆ ಕೃಷ್ಣ

ಗಂಜೀಫಾ ಎಂಬ ಹಳೆಯ ಎಲೆಯಾಟದ ಎಲೆಯ ಸೊಗಸು ಮೊದಲು ತಿಳಿಯುವುದು ಬೆರಳಿಗೆ. ದುಂಡಗೆ, ಹಗುರವಾಗಿ, ಅರಗಿನ ಮಿರುಗು ಹೊತ್ತ ಆ ಎಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಮೂಲೆಯೇ ಇಲ್ಲದ್ದರಿಂದ ಬೆರಳು ಎಲ್ಲೂ ತಡೆಯದೆ ಒಂದು ಸುತ್ತು ಬರುತ್ತದೆ. ಹಿಂಬದಿಯಲ್ಲಿ ಒಂದೇ ಬಣ್ಣ, ಸಾಮಾನ್ಯವಾಗಿ ಕೆಂಪು. ಬೆಳಕು ಅದರ ಮೇಲೆ ಬಿಸಿ ತುಪ್ಪದ ಹಾಗೆ ಹರಿದು ಹೋಗುತ್ತದೆ. ಮುಂಬದಿಗೆ ಹೊರಳಿಸಿದಿರೋ, ಬಣ್ಣದ ಗೆರೆಗಳು ಕೊಂಚವೇ ಕೊಂಚ ಉಬ್ಬಿ ಬೆರಳ ತುದಿಗೆ ತಾಕುತ್ತವೆ. ಇಂಥ ಎರಡು ಎಲೆ ಒಂದಕ್ಕೊಂದು ತಗುಲಿದಾಗ ಕಾಗದದ ಸರಸರ ಕೇಳುವುದಿಲ್ಲ. ಟಕ್ ಎಂಬ ಒಣ, ಪುಟ್ಟ, ಖುಷಿಯ ಸದ್ದು. ನನಗಂತೂ ಆ ಸದ್ದು ಕೇಳಿದರೆ ಸಾಕು, ಕಾಲು ತಾನಾಗಿ ಚಕ್ಕಳಮಕ್ಕಳ ಹಾಕಿಕೊಳ್ಳುತ್ತದೆ.

ಎಲೆ ಮಾಡುವ ಬಗೆಯೂ ಆಟದಷ್ಟೇ ತಾಳ್ಮೆಯದು. ಒಡಿಶಾದ ಕುಶಲಿಗಳು ಹತ್ತಿಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ, ಮೇಲೆ ಸುಣ್ಣದಕಲ್ಲಿನ ಪುಡಿ ಬಳಿಯುತ್ತಾರೆ, ಒಣಗಿದ ಮೇಲೆ ನುಣ್ಣನೆಯ ಕಲ್ಲಿನಿಂದ ಉಜ್ಜುತ್ತಾರೆ. ಬಟ್ಟೆ ಬಟ್ಟೆಯಾಗಿ ಉಳಿಯದೆ, ಹಲಗೆಯೂ ಆಗದೆ, ನಡುವಿನ ಯಾವುದೋ ಹದಕ್ಕೆ ಬಂದು ನಿಲ್ಲುತ್ತದೆ. ಆಗ ದುಂಡಗೆ ಕತ್ತರಿಸಿ, ಬಣ್ಣ ಕೊಟ್ಟು, ಅರಗು ಲೇಪಿಸುವುದು. ಇದು ಬಜಾರಿನ ಮಾಲು. ಅರಮನೆಗಳಿಗೆ ಆನೆದಂತದ, ಆಮೆಚಿಪ್ಪಿನ ಎಲೆಗಳೂ ಆಗುತ್ತಿದ್ದವು. ಅವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದರೆ ಯಾರಿಗಾದರೂ ಬೆರಗಾದೀತು. ಆದರೂ ಆಯ್ಕೆ ನನಗೆ ಬಿಟ್ಟರೆ ನಾನು ಎತ್ತಿಕೊಳ್ಳುವುದು ಬಟ್ಟೆಯ ಎಲೆಯನ್ನೇ. ದಂತ ತಣ್ಣಗಿರುತ್ತದೆ, ಬಟ್ಟೆಯ ಎಲೆ ನಾಲ್ಕು ಆಟ ಮುಗಿಯುವಷ್ಟರಲ್ಲಿ ಅಂಗೈಯ ಬಿಸಿ ಹಿಡಿದುಕೊಳ್ಳುತ್ತದೆ.

ಈ ಎಲೆಗಳ ಹಳೆಯ ಸುಳಿವುಗಳಲ್ಲಿ ಒಂದು ಬಾಬರನ ಆತ್ಮಕಥೆಯಲ್ಲಿದೆ. 1527ರಲ್ಲಿ ಆತ ಸಿಂಧ್‌ನ ಶಾಹ್ ಹಸನ್‌ಗೆ ಒಂದು ಕಟ್ಟು ಗಂಜೀಫಾ ಕಳಿಸಿಕೊಟ್ಟ. ಶಾಹ್ ಹಸನ್‌ಗೆ ಆ ಆಟವೆಂದರೆ ಪ್ರಾಣ, ಬೇಕೆಂದು ಕೇಳಿದ್ದ. ಪಾಣಿಪತ್ ಗೆದ್ದು ವರ್ಷವೊಂದಾಗಿತ್ತಷ್ಟೇ. ಹೊಸ ರಾಜ್ಯದ ನೂರು ತಾಪತ್ರಯಗಳ ನಡುವೆಯೂ ಗೆಳೆಯನ ಎಲೆಯಾಟದ ಚಪಲ ನೆನಪಿಟ್ಟುಕೊಂಡ ಬಾಬರ್ ನನಗೆ ಆ ಪುಟದಲ್ಲಿ ಬಹಳ ಹತ್ತಿರದವನಾಗಿ ಕಾಣುತ್ತಾನೆ. ಮೊಮ್ಮಗ ಅಕ್ಬರನ ಕಾಲಕ್ಕೆ ಆಟ ಇನ್ನಷ್ಟು ಹಿಗ್ಗಿತು. ಐನ್-ಇ-ಅಕ್ಬರಿಯಲ್ಲಿ ಅಬುಲ್ ಫಜಲ್ 12 ಬಣ್ಣಗಳ (ಇಸ್ಪೀಟಿನ ಆಟೀನಿನಂಥ ಎಲೆಗುಂಪುಗಳ), ಬಣ್ಣಕ್ಕೆ 12ರಂತೆ 144 ಎಲೆಗಳ ಕಟ್ಟೊಂದನ್ನು ಬಣ್ಣಿಸುತ್ತಾನೆ. ಬಣ್ಣಗಳ ಹೆಸರು ಕೇಳಿ: ಅಶ್ವಪತಿ, ಗಜಪತಿ, ನರಪತಿ, ಧನಪತಿ, ವನಪತಿ, ಅಹಿಪತಿ. ಫಾರ್ಸಿ ಗ್ರಂಥದ ನಡುವೆ ಸಾಲಾಗಿ ನಿಂತ ಈ ಸಂಸ್ಕೃತ ಹೆಸರುಗಳನ್ನು ಓದುವುದೇ ಒಂದು ರುಚಿ. ಗಜಪತಿಯೆಂದರೆ ಒಡಿಶಾದ ದೊರೆಯ ಹಾಗೆ ಆನೆಬಲದವನು, ನರಪತಿಯೆಂದರೆ ಬಿಜಾಪುರದ ದೊರೆಗಳ ಹಾಗೆ ಕಾಲಾಳುಗಳ ಬಲದವನು ಎಂದು ಆತನೇ ವಿವರಿಸುತ್ತಾನೆ. ನಮ್ಮ ಬಿಜಾಪುರ ಅಕ್ಬರನ ಎಲೆಯಾಟಕ್ಕೆ ಹೀಗೊಂದು ಉಪಮಾನವಾಗಿ ಹೊಕ್ಕಿತ್ತು.

ಮುಂದೆ ಹೆಚ್ಚು ಬಳಕೆಗೆ ಬಂದದ್ದು ಎಂಟು ಬಣ್ಣಗಳ, 96 ಎಲೆಗಳ ಮೊಘಲ್ ಕಟ್ಟು. ಕಿರೀಟ, ಬೆಳ್ಳಿ ನಾಣ್ಯ, ಕತ್ತಿ, ಗುಲಾಮ. ವೀಣೆಯಂಥ ಚಂಗ್ ವಾದ್ಯ, ಚಿನ್ನದ ನಾಣ್ಯ, ಹುಂಡಿಪತ್ರ, ಸರಕಿನ ಗಂಟು. ಒಂದು ಬಾದಶಾಹಿಯ ಇಡೀ ಕಾರುಬಾರು ಎಂಟು ಚಿಹ್ನೆಗಳಲ್ಲಿ ಬಂದುಬಿಟ್ಟಿದೆ, ಖಜಾನೆಯಿಂದ ಸಂಗೀತದವರೆಗೆ. ಪ್ರತಿ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕಿಯ ಎಲೆ. ಇಲ್ಲಿ ರಾಣಿಯೂ ಇಲ್ಲ, ಜೋಕರೂ ಇಲ್ಲ.

ಇದೇ ಆಟ ವೈಷ್ಣವರ ಮನೆ ಹೊಕ್ಕಾಗ ದಶಾವತಾರವಾಯಿತು. ಹತ್ತು ಅವತಾರ, ಹತ್ತು ಬಣ್ಣ, 120 ಎಲೆ. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ, ಪರಶುರಾಮನಿಗೆ ಕೊಡಲಿ, ರಾಮನಿಗೆ ಬಾಣ, ಕಲ್ಕಿಗೆ ಕತ್ತಿ ಹೀಗೆ ಗುರುತುಗಳು. ಊರಿನಿಂದ ಊರಿಗೆ ಒಂದೆರಡು ಬದಲಾಗುವುದುಂಟು. ಬಂಗಾಳದ ಬಿಷ್ಣುಪುರದಲ್ಲಿ ಬುದ್ಧನ ಜಾಗಕ್ಕೆ ಪುರಿಯ ಜಗನ್ನಾಥನೇ ದೊಡ್ಡ ದುಂಡು ಕಣ್ಣು ಬಿಟ್ಟುಕೊಂಡು ಬಂದು ಕೂತಿದ್ದಾನೆ. ಅಲ್ಲಿನ ಎಲೆಗಳು ಅಂಗೈ ತುಂಬುವಷ್ಟು ದೊಡ್ಡವು, ಗೆರೆಗಳು ದಪ್ಪ, ಬಣ್ಣಗಳು ಧೈರ್ಯದವು. ಫೌಜ್‌ದಾರ್ ಮನೆತನದವರು ತಲೆಮಾರುಗಳಿಂದ ಅವನ್ನು ಬರೆಯುತ್ತಿದ್ದಾರೆ. ಮಹಾರಾಷ್ಟ್ರದ ಸಾವಂತವಾಡಿಯವು ಚಿಕ್ಕವು, ನಾಜೂಕಿನವು, ಅರಗಿನ ಕೆಲಸದಲ್ಲಿ ಮಿಂಚುವಂಥವು.

ಒಂದು ಅಂಕಿಯೆಲೆಯನ್ನು ಹತ್ತಿರದಿಂದ ನೋಡೋಣ, ಮೀನಿನ ಏಳು ಎನ್ನಿ. ದುಂಡನೆಯ ಜಾಗದಲ್ಲಿ ಏಳು ಮೀನು ಬರೆಯಬೇಕು. ಯಾವುದೂ ಇಕ್ಕಟ್ಟಾಗಬಾರದು, ಎಣಿಸುವ ಕಷ್ಟವೂ ಇರಬಾರದು. ಕುಂಚದ ಒಂದೇ ಎಳೆತಕ್ಕೆ ಮೀನಿನ ಬೆನ್ನು ಬಾಗುತ್ತದೆ, ಇನ್ನೊಂದು ಎಳೆತಕ್ಕೆ ಹೊಟ್ಟೆ ತುಂಬುತ್ತದೆ, ಎರಡು ಚುಕ್ಕೆಗೆ ಕಣ್ಣೂ ಬಾಲವೂ ಮೂಡುತ್ತವೆ. ಎರಡು ಎಳೆತ, ಎರಡು ಚುಕ್ಕೆ. ಅಷ್ಟರಲ್ಲೇ ಅದು ಈಜತೊಡಗಿರುತ್ತದೆ. ಆಟಗಾರ ಅದನ್ನು ಎಣಿಸುವುದೇ ಇಲ್ಲ. ಮೀನುಗಳು ಕೂತ ರೀತಿಯನ್ನು ಕಣ್ಣು ಒಮ್ಮೆಗೇ ಹಿಡಿದು ‘ಏಳು’ ಎನ್ನುತ್ತದೆ. ರಾಜನ ಎಲೆಯಲ್ಲಾದರೆ ಮಂಟಪ, ಸಿಂಹಾಸನ, ಪರಿವಾರ ಎಂದು ಚಿತ್ರಕಾರ ತನ್ನ ಕೈಚಳಕವನ್ನೆಲ್ಲ ತೋರಬಹುದು, ತೋರಿಯೂ ಇರುತ್ತಾನೆ. ನನ್ನ ಮನಸ್ಸು ಮಾತ್ರ ಸದಾ ಅಂಕಿಯೆಲೆಗಳ ಕಡೆಗೇ ಹರಿಯುತ್ತದೆ. ಅಲ್ಲಿ ಮರೆಮಾಚಲು ಏನೂ ಇಲ್ಲ.

ಇನ್ನೊಂದು ಜಾಣತನ ಕಂಡದ್ದು ಎಲೆಗಳನ್ನು ಕೈಯಲ್ಲಿ ಹಿಡಿದಾಗಲೇ. ಇಸ್ಪೀಟಿನ ಎಲೆಗೆ ಮೂಲೆಯಿದೆ, ಮೂಲೆಯಲ್ಲಿ ಅಂಕಿಯಿದೆ. ಬೀಸಣಿಗೆಯಂತೆ ಬಿಡಿಸಿ ಹಿಡಿದರೆ ಎಲ್ಲವೂ ಕಾಣುತ್ತದೆ. ದುಂಡು ಎಲೆಗಳನ್ನು ಹಾಗೆ ಬಿಡಿಸಿದರೆ ಕಾಣುವುದು ಒಂದೊಂದರದೂ ಅಂಚಿನ ಒಂದು ಕಿರುಪಟ್ಟಿ ಮಾತ್ರ. ಅದಕ್ಕೇ ಪ್ರತಿ ಬಣ್ಣಕ್ಕೂ ಬೇರೆಬೇರೆ ನೆಲ. ಒಂದರದು ಹಳದಿ, ಒಂದರದು ಎಳೆ ಹಸಿರು, ಮತ್ತೊಂದರದು ಕಡು ಕೆಂಪು, ಕಪ್ಪು, ಕಂದು. ಕೈಯಲ್ಲಿ ಎಲೆ ಜೋಡಿಸಿಕೊಂಡಂತೆ ಆ ಕಿರುಪಟ್ಟಿಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ: ಹಳದಿಯ ಮೂರು ಎಸಳು, ಹಸಿರಿನ ಐದು, ಕಪ್ಪಿನದೊಂದು ಒಂಟಿ. ಇಷ್ಟು ಚೆಲುವಾದ ಕೈ ಹಿಡಿದವನಿಗೆ ಸೋತರೂ ಬೇಸರವಾಗದು.

ಈಗ ಆಟ. ಗಂಜೀಫಾವನ್ನು ಮೂವರು ಆಡುವುದು ರೂಢಿ, ಯಾರಿಗೂ ಯಾರೂ ಜೊತೆಯಿಲ್ಲ. ದಶಾವತಾರದಲ್ಲಿ ತಲೆಗೆ 40 ಎಲೆ. ಎಲೆ ಹಂಚಿದ ಮೇಲೆ ಮೊದಲ ಎಲೆ ಯಾರದು? ಇದನ್ನು ತೀರ್ಮಾನಿಸುವುದು ಆಕಾಶ. ಹಗಲಾದರೆ ರಾಮನ ಬಣ್ಣದ ರಾಜ ಯಾರ ಕೈಯಲ್ಲಿದ್ದಾನೋ ಅವರು ಆಟ ಶುರುಮಾಡಬೇಕು. ಇರುಳಾದರೆ ಕೃಷ್ಣನ ರಾಜನನ್ನು ಹಿಡಿದವರು. ಮೊಘಲ್ ಕಟ್ಟಿನಲ್ಲಿ ಹಗಲಿಗೆ ಚಿನ್ನದ ನಾಣ್ಯ, ಇರುಳಿಗೆ ಬೆಳ್ಳಿಯದು. ಸೂರ್ಯ ಚಂದ್ರರಿಗೆ ಸಲ್ಲುವ ಮರ್ಯಾದೆ. ಜಗತ್ತಿನಲ್ಲಿ ಎಷ್ಟೋ ಎಲೆಯಾಟಗಳಿವೆ. ಶುರುಮಾಡುವ ಮುನ್ನ ಕಿಟಕಿಯಾಚೆ ಬೆಳಕಿದೆಯೇ ಎಂದು ನೋಡಿಸುವ ಆಟ ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಆಟ ಶುರುಮಾಡುವ ಈ ರಾಜ ಒಬ್ಬನೇ ಇಳಿಯುವುದಿಲ್ಲ. ಜೊತೆಗೊಂದು ಸಣ್ಣ ಎಲೆ ಹಿಡಿದುಕೊಂಡು ಬರುತ್ತಾನೆ. ಉಳಿದಿಬ್ಬರೂ ಎರಡೆರಡು ಎಲೆ ಒಪ್ಪಿಸಬೇಕು. ತುರುಫು ಎಂಬುದು ಇಲ್ಲವೇ ಇಲ್ಲ. ಇದನ್ನು ನಾನು ಆಟದ ದೊಡ್ಡಸ್ತಿಕೆ ಎನ್ನುತ್ತೇನೆ. ಇಸ್ಪೀಟಿನ ಇಪ್ಪತ್ತೆಂಟು ಆಡಿ ಬೆಳೆದವರಿಗೆ ಮೊದಮೊದಲು ಸಪ್ಪೆ ಎನ್ನಿಸೀತು. ಎದುರಾಳಿಯ ಎಕ್ಕವನ್ನು ಕಿರಿಯ ತುರುಫಿನಿಂದ ಹೊಡೆದು ಕೇಕೆ ಹಾಕುವ ಸುಖ ಇಲ್ಲಿಲ್ಲ ನೋಡಿ. ಇಲ್ಲಿಯ ಸುಖ ನಿಧಾನದ್ದು, ಒಳಗಿನದ್ದು. ಯಾವ ಬಣ್ಣದಲ್ಲಾದರೂ ಸರಿ, ಇನ್ನೂ ಇಳಿಯದ ಎಲೆಗಳಲ್ಲಿ ಎಲ್ಲಕ್ಕಿಂತ ಹಿರಿಯದು ಯಾವುದೋ ಅದರದೇ ಹುಕುಂ. ರಾಜ ಇರುವಷ್ಟು ಹೊತ್ತು ಮಂತ್ರಿ ಕೈಕಟ್ಟಿ ನಿಂತಿರಬೇಕು. ರಾಜ ಇಳಿದು ಹೋದ, ಮಂತ್ರಿಯೇ ಒಡೆಯನಾದ. ಮಂತ್ರಿಯೂ ಹೋದ ಮೇಲೆ ಅಧಿಕಾರ ಅಂಕಿಗಳಿಗೆ ಇಳಿಯುತ್ತದೆ. ಮೇಲಿನವೆಲ್ಲ ಒಂದೊಂದಾಗಿ ಉದುರಿ, ನಿಮ್ಮ ಕೈಯಲ್ಲಿ ಮೂಲೆಗೆ ಬಿದ್ದಿದ್ದ ಆಮೆಯ ಆರು ಯಾವುದೋ ಹೊತ್ತಿನಲ್ಲಿ ಸದ್ದಿಲ್ಲದೆ ಬಣ್ಣದ ದೊರೆಯಾಗಿರುತ್ತದೆ. ಅದು ನಿಮಗೆ ಗೊತ್ತಿದೆ. ಎದುರಿನವರಿಗೆ ಗೊತ್ತಿದೆಯೇ? ಹತ್ತು ಬಣ್ಣಗಳಲ್ಲಿ ಏನೇನು ಇಳಿದಿದೆ, ಏನು ಉಳಿದಿದೆ ಎಂಬ ಲೆಕ್ಕವನ್ನು ಮೂರು ತಲೆಗಳು ಮಾತಿಲ್ಲದೆ ನಡೆಸುತ್ತಿರುತ್ತವೆ. ಒಬ್ಬರ ಹುಬ್ಬು ಗಂಟಿಕ್ಕುತ್ತದೆ, ಇನ್ನೊಬ್ಬರ ತುಟಿ ಅಲ್ಲಾಡುತ್ತದೆ. ಆಗ ನೀವು ಆ ಆರನ್ನು ಎತ್ತಿ, ಆತುರಪಡದೆ, ಜಮಖಾನದ ನಡುವೆ ಇಡುತ್ತೀರಿ.

ಈ ಲೆಕ್ಕಕ್ಕೆ ಇನ್ನೊಂದು ಸಿಕ್ಕು ಹಾಕಿಟ್ಟಿದ್ದಾರೆ ಹಿರಿಯರು. ಅರ್ಧ ಬಣ್ಣಗಳಲ್ಲಿ ಮಂತ್ರಿಯ ನಂತರ ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಹೋಗುತ್ತದೆ. ಉಳಿದರ್ಧದಲ್ಲಿ ತಿರುಗುಮುರುಗು: ಮಂತ್ರಿಯ ನಂತರ ಒಂದು, ಆಮೇಲೆ ಎರಡು, ಕಟ್ಟಕಡೆಗೆ ಹತ್ತು. ಮೊಘಲ್ ಕಟ್ಟಿನಲ್ಲಿ ಹತ್ತು ಬೆಳ್ಳಿ ನಾಣ್ಯ ಒಂದು ಬೆಳ್ಳಿ ನಾಣ್ಯಕ್ಕಿಂತ ಮೇಲು, ನ್ಯಾಯವೇ. ಚಿನ್ನಕ್ಕೆ ಬಂದರೆ ಒಂದೇ ಒಂದು ನಾಣ್ಯ ಹತ್ತನ್ನೂ ಮಣಿಸುತ್ತದೆ. ಹೊಸಬರು ಇಲ್ಲಿ ಎಡವುತ್ತಾರೆ. ಹಳಬರು ಅದನ್ನು ನೋಡುತ್ತ ಮೀಸೆಯಡಿ ನಗುತ್ತಾರೆ. ಸೋಜಿಗವೆಂದರೆ ಯುರೋಪಿನ ಹಳೆಯ ಟ್ಯಾರೋ ಆಟದಲ್ಲೂ ಬಟ್ಟಲು ಮತ್ತು ನಾಣ್ಯದ ಬಣ್ಣಗಳು ಹೀಗೆಯೇ ತಲೆಕೆಳಗು. ಇಸ್ತಾಂಬುಲ್‌ನ ತೊಪ್ಕಾಪಿ ಅರಮನೆಯಲ್ಲಿರುವ, ಈಜಿಪ್ಟಿನ ಮಾಮ್ಲೂಕರ ಎಲೆಗಳಲ್ಲೂ ರಾಜ, ಅವನ ಕೈಕೆಳಗಿನ ಅಧಿಕಾರಿಗಳು, ನಾಣ್ಯ, ಕತ್ತಿ ಎಲ್ಲ ಇವೆ. ಇವೆಲ್ಲ ಎಂದೋ ಒಂದೇ ಜಗಲಿಯಿಂದ ಎದ್ದುಹೋದ ದಾಯಾದಿಗಳು ಎಂದುಕೊಂಡರೆ ನನಗೆ ಹಿತವಾಗುತ್ತದೆ.

ಮೈಸೂರಿಗೆ ಬಂದಾಗ ಗಂಜೀಫಾಕ್ಕೆ ಹುಚ್ಚೇ ಹಿಡಿಯಿತು, ಒಳ್ಳೆಯ ಅರ್ಥದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಕಾವ್ಯ, ಚಿತ್ರ, ಚದುರಂಗಗಳಲ್ಲಿ ಮುಳುಗಿದರು. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ತುಳಿಯದಂತೆ ಇಡೀ ಹಾಸಿನ ಮೇಲೆ ಓಡಿಸುವ ಬಂಧಗಳನ್ನು ರಚಿಸಿದ ಬುದ್ಧಿ ಅದು. ಅಂಥವರಿಗೆ ಹತ್ತು ಬಣ್ಣದ ಗಂಜೀಫಾ ಎಲ್ಲಿ ಸಾಕಾದೀತು? ಅವರು ‘ಛದ’ ಎಂಬ ಹೆಸರಿನಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದರು. ಬಣ್ಣಗಳು 18ರವರೆಗೆ ಏರಿದವು, ಎಲೆಗಳು 360ರವರೆಗೆ. ಮಾಮೂಲು ಛದದಲ್ಲಿ ಬಣ್ಣಕ್ಕೆ ಹನ್ನೆರಡು ಅಂಕಿ, ಮೇಲೆ ಆರು ದರ್ಬಾರಿ ಎಲೆ. ಚಾಮುಂಡೇಶ್ವರಿಯ ಹೆಸರಿನ ಛದವೊಂದು, ನವಗ್ರಹಗಳದೊಂದು, ಪಂಚಪಾಂಡವರದೊಂದು. ಗಂಜೀಫಾದಲ್ಲಿ ಇಲ್ಲದ ತುರುಫನ್ನೂ ತಂದು ಕೂರಿಸಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ಭಾಗಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಇವೆಲ್ಲದರ ವಿವರಣೆಯಿದೆ, ಬಣ್ಣದ ಚಿತ್ರಗಳೊಂದಿಗೆ. ದೇವತೆಗಳ ಮೂರ್ತಿಲಕ್ಷಣ ಹೇಳುವ ಮಹಾಗ್ರಂಥ ಎಲೆಯಾಟದಲ್ಲಿ ಮುಗಿಯುವುದು ನನಗೆ ತುಂಬ ಹಿಡಿಸುತ್ತದೆ.

ನಿಜ ಹೇಳಬೇಕೆಂದರೆ ಈ ಛದಗಳು ಆಟವಾಗಿ ಅತಿಯಾದವು. 360 ಎಲೆ ಹಂಚಿ, ಜೋಡಿಸಿ, ನೆನಪಿಟ್ಟುಕೊಂಡು ಆಡುವ ಪುರುಸೊತ್ತು ಅರಮನೆಯ ಹೊರಗೆ ಯಾರಿಗಿತ್ತು? ಊರಿಗೆ ಹಬ್ಬಲಿಲ್ಲ. ಚಿತ್ರವಾಗಿ ನೋಡಿದರೆ ಅತಿ ಎನ್ನುವ ಮಾತೇ ಬಾಯಿಗೆ ಬರುವುದಿಲ್ಲ. ಮೈಸೂರು ಶೈಲಿಯ ತೆಳು ಗೆರೆ, ಅಚ್ಚುಕಟ್ಟಾದ ಮುಖ, ಒಡವೆಯ ಒಂದೊಂದು ಹರಳಿಗೂ ಒಂದೊಂದು ಚುಕ್ಕೆ. ಗೋಡೆಯ ಮೇಲೆ ಆಳೆತ್ತರ ಬರೆಯುವುದನ್ನು ಅಂಗೈಯಗಲಕ್ಕೆ ಇಳಿಸಿದ್ದಾರೆ, ಒಂದು ಉಗುರನ್ನೂ ಬಿಡದೆ. ಈ ಪರಂಪರೆಯನ್ನು ನಮ್ಮ ಕಾಲಕ್ಕೆ ತಂದವರಲ್ಲಿ ಗಂಜೀಫಾ ರಘುಪತಿ ಭಟ್ಟರ ಹೆಸರು ಎಲ್ಲರಿಗೂ ಗೊತ್ತು. ಕಲೆ ಅವರ ಹೆಸರಿಗೇ ಅಂಟಿಕೊಂಡುಬಿಟ್ಟಿದೆ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್ ದೇಶವಿಡೀ ಇಂಥ ಎಲೆಗಳನ್ನು ಹುಡುಕಿ ಕೂಡಿಸಿದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ 1982ರಲ್ಲಿ ನಡೆಸಿದ ಗಂಜೀಫಾ ಪ್ರದರ್ಶನದ ಪುಸ್ತಕ ಬರೆದವರೂ ಅವರೇ.

ಅಚ್ಚಿನ ಇಸ್ಪೀಟು ಬಂದ ಮೇಲೆ ದುಂಡು ಎಲೆ ಹಿಂದೆ ಸರಿಯಿತು. ನಾಲ್ಕೇ ಬಣ್ಣ, ಅಗ್ಗದ ಬೆಲೆ, ಯಾರೊಡನೆಯೂ ಆಡಬಹುದು. ಅದರ ಮೇಲೆ ನನಗೇನೂ ಮುನಿಸಿಲ್ಲ. ಒಡಿಶಾದ ಕೆಲವು ಊರುಗಳಲ್ಲಿ ಮಾತ್ರ ಹಿರಿಯರು ಸಂಜೆಗೆ ಒಂದೆಡೆ ಕೂತು ‘ಗಂಜಪಾ’ ಆಡುವುದು ಉಳಿದುಕೊಂಡಿತು. ಸಾವಂತವಾಡಿಯಲ್ಲಿ ಶಿವರಾಮರಾಜೇ ಭೋಸಲೆ ಮತ್ತು ಸತ್ವಶೀಲಾದೇವಿ ದಂಪತಿ ತಮ್ಮ ಅರಮನೆಯಲ್ಲೇ ಚಿತಾರಿಗಳೆಂಬ ಚಿತ್ರಕಾರರ ಕೈಕೆಲಸಕ್ಕೆ ಮತ್ತೆ ಜೀವ ಕೊಟ್ಟರು. ಬೆಳಗಾವಿಯವರಿಗೆ ಅದು ಅಂಬೋಲಿ ಘಾಟಿ ಇಳಿದರೆ ಸಿಗುವ ಊರು. ಅರಮನೆಯ ದರ್ಬಾರು ಕೋಣೆಯಲ್ಲಿ ಕಲಾವಿದರು ಕೂತು ಬರೆಯುವುದನ್ನು ಹತ್ತಿರ ನಿಂತು ನೋಡಬಹುದು. ಚಿತ್ರ ಬರೆದ ಪೆಟ್ಟಿಗೆಯಲ್ಲಿ ಎಲೆಗಳು ಒಂದರ ಮೇಲೊಂದು ಗೋಪುರವಾಗಿ ಕೂತಿರುತ್ತವೆ.

ಒಂದು ಕಟ್ಟು ಕೊಂಡಿರಾದರೆ ದಯವಿಟ್ಟು ಚೌಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆಯಬೇಡಿ. ಜಮಖಾನ ಹಾಸಿ, ನೆನಪಿನ ಶಕ್ತಿ ಚೆನ್ನಾಗಿರುವ ಇಬ್ಬರನ್ನು ಕರೆಯಿರಿ. ಸೋತರೆ ಮುಖ ಊದಿಸಿಕೊಳ್ಳದವರಾದರೆ ಇನ್ನೂ ಒಳ್ಳೆಯದು. ಎಲೆಗಳನ್ನು ಕೆಳಮುಖವಾಗಿ ಹರಡಿ, ಎರಡೂ ಅಂಗೈಯಿಂದ ಸುತ್ತಿ ಸುತ್ತಿ ಕಲೆಸಿ. ಆ ಟಕಟಕ ಸದ್ದನ್ನು ಅವರೂ ಕೇಳಲಿ. ಆಮೇಲೆ ನಲವತ್ತು ನಲವತ್ತು ಹಂಚಿ. ಹೊತ್ತು ಮುಳುಗಿದ್ದರೆ ಕೇಳಿ, ಕೃಷ್ಣ ಯಾರ ಕೈಲಿದ್ದಾನೆ?