ಕಲ್ಲು ಆರಲಿ, ಕಾರ್ತಿಕ ಬರಲಿ

ಮುಲ್ಕಿ ಕಡಲಿಗೆ ಸರ್ಫಿಂಗ್ ಮಾಡಲು ಯಾವಾಗ ಹೋಗಬೇಕು ಎಂಬುದನ್ನು ಈ ವಾರ ಬರೆಯುವುದಾಗಿ ಹೇಳಿದ್ದೆ. ಹೊಸಬರಾದರೆ ಅಕ್ಟೋಬರ್ ಹಿಡಿಯಿರಿ. ಜೂನ್, ಜುಲೈನಲ್ಲಿ ನೀರಿಗಿಳಿಯುವ ಮಾತೇ ಬೇಡ. ಶಾಂಭವಿ, ನಂದಿನಿ ಎರಡೂ ಕೆನ್ನೀರು ತಂದು ಸುರಿಯುತ್ತಿರುತ್ತವೆ, ಯಾಂತ್ರಿಕ ದೋಣಿಗಳೂ ಬಂದರು ಸೇರಿರುತ್ತವೆ. ಪಳಗಿದವರಿಗೆ ಮಳೆಗೆ ಮುಂಚಿನ ಅಲೆಯೇ ಸರಿ. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ನಡೆದದ್ದೂ ಮೇ ಕೊನೆಗೆ.

ಅಕ್ಟೋಬರ್ ಎಂದೊಡನೆ ನನ್ನ ಮನಸ್ಸು ಬಾದಾಮಿಗೆ ಓಡುತ್ತದೆ. ಕರಾವಳಿಯಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ನಮ್ಮ ಕಡೆ ಅದು ಜೋರಾಗುತ್ತದೆ. ಬಾಗಲಕೋಟೆ ಸೀಮೆಗೆ ಸೆಪ್ಟೆಂಬರೇ ದೊಡ್ಡ ಮಳೆಯ ತಿಂಗಳು. ಉತ್ತರಿ, ಹಸ್ತ ಹುಯ್ದರೆ ತಾನೆ ಹಿಂಗಾರಿ ಜೋಳದ ಬಿತ್ತಿಗೆ! ಅಲ್ಲಿ ಕಡಲು ಹದಕ್ಕೆ ಬರುವಾಗ ಇಲ್ಲಿ ಬಂಡೆ ತೊಯ್ದಿರುತ್ತದೆ.

ಮಳೆಯಲ್ಲಿ ಬಾದಾಮಿಗೆ ಬರಬೇಡಿ ಎನ್ನುತ್ತಿಲ್ಲ. ಬನ್ನಿ, ಅಕ್ಕ-ತಂಗಿ ಜಲಪಾತ ಕಣ್ತುಂಬ ನೋಡಿ. ಹಗ್ಗ, ಹಾರ್ನೆಸ್ ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ. ‘ಬಿಸಿಲು ಬಿದ್ದೈತಿ, ಕಲ್ಲು ಆರೈತಿ, ಇನ್ನೇನು’ ಎನ್ನುವ ಗುಂಪಿನೊಡನೆ ನನ್ನ ಜಗಳ ಹಳೆಯದು. ಇದು ಮರಳುಗಲ್ಲು. ಕಣಕ್ಕೆ ಕಣ ಬೆಸೆದಿರುವ ಅಂಟು ನೀರುಂಡರೆ ಸಡಿಲಾಗುತ್ತದೆ. ಹೊರಮೈ ಒಂದೇ ಮಧ್ಯಾಹ್ನದಲ್ಲಿ ಆರಿದರೂ ಒಳಗಿನ ಪಸೆ ದಿನಗಟ್ಟಲೆ ಉಳಿಯುತ್ತದೆ. ಬೆರಳ ತುದಿಗೆಣ್ಣು ಮಾತ್ರ ಕೂರುವಂಥ ಅಂಚನ್ನು ಹಿಡಿದು ಮೈಭಾರ ಹಾಕಿದಿರೋ, ಚಕ್ಕೆ ಎದ್ದು ಕೈಗೆ ಬರುತ್ತದೆ. ಅದು ಕಿತ್ತ ಜಾಗದಲ್ಲಿ ಕೈಯಾಡಿಸಿದರೆ ಮರಳು ಉದುರುತ್ತದೆ. ಬಿದ್ದವನು ಹಗ್ಗದಲ್ಲಿ ಉಳಿದುಕೊಂಡಾನು. ಹೋದ ಹಿಡಿ ಮಾತ್ರ ಮುಂದೆ ಬರುವ ಯಾರಿಗೂ ಇಲ್ಲ. ಬಂಡೆಯ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿ. ತಂಪು ತಗುಲಿದರೆ ಆ ದಿನ ಹತ್ತುವುದು ತಪ್ಪು. ದೂರದಿಂದ ಬಂದಿದ್ದೇವೆ, ರಜೆ ಮುಗಿಯುತ್ತದೆ ಎಂಬ ಕಾರಣಗಳು ಕಲ್ಲಿಗೆ ಸಂಬಂಧಪಟ್ಟವಲ್ಲ.

ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆಯಲ್ಲ, ಅದರ ತಿಥಿ ಶಕ 500ರ ಕಾರ್ತಿಕ ಹುಣ್ಣಿಮೆ, ಎಂದರೆ ಕ್ರಿ.ಶ. 578. ಅದು ಪುಣ್ಯಕಾಲದ ಲೆಕ್ಕ, ಕಲ್ಲಿನ ಲೆಕ್ಕವಲ್ಲ ಎಂದು ಪಂಡಿತರು ಹೇಳಿಯಾರು. ಒಪ್ಪುತ್ತೇನೆ. ಆದರೂ ಹತ್ತುವವನ ಪಂಚಾಂಗಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ದಿನ ನನಗೆ ಕಂಡಿಲ್ಲ. ಆ ಹುಣ್ಣಿಮೆಯ ಆಸುಪಾಸಿಗೆ ಸ್ವಾತಿ ಮಳೆಯೂ ಮುಗಿದಿರುತ್ತದೆ, ಬೆಳಗಿನ ಗಾಳಿಗೆ ಚಳಿ ಹತ್ತಿರುತ್ತದೆ, ಅಂಗೈ ಬೆವರುವುದಿಲ್ಲ. ಅಗಸ್ತ್ಯತೀರ್ಥದ ಉತ್ತರಕ್ಕಿರುವ ಗುಡ್ಡ ದಕ್ಷಿಣಕ್ಕೆ ಮುಖ ಮಾಡಿದೆ. ಚಳಿಗಾಲದ ಓರೆಬಿಸಿಲು ಅಲ್ಲಿ ನೇರ ಬೀಳುವುದರಿಂದ ಆ ಕಡೆ ಬೆಳಿಗ್ಗೆಯೇ ಶುರು ಮಾಡಿ. ಸ್ಮಾರಕವಿರುವ ಬಂಡೆಗಳನ್ನು ಮುಟ್ಟಕೂಡದು ಎಂದು ಹಳೆಯ ಓದುಗರಿಗೆ ಹೇಳಬೇಕಿಲ್ಲ.

ಫೆಬ್ರುವರಿ ದಾಟಿದರೆ ಕಲ್ಲು ಕಾದ ಹಂಚು. ನನ್ನನ್ನು ಕೇಳಿದರೆ ಪುಷ್ಯ ಮಾಸವೇ ಮೇಲು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಊರೆಲ್ಲ ಜನ, ರೂಮು ಸಿಗುವುದು ಕಷ್ಟ. ಆ ಕಾರಣಕ್ಕೇ ಆ ವಾರ ಬೇಡ ಎನ್ನುವವರಿದ್ದಾರೆ. ಮೊದಲೇ ರೂಮು ಹಿಡಿದಿಡಿ. ಹಗಲು ಬಂಡೆ ಹತ್ತಿ, ರಾತ್ರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ. ಟೆಂಟುಗಳು ತಿಂಗಳೊಪ್ಪತ್ತು ಅಲ್ಲೇ ಇರುತ್ತವೆ, ತೇರಿನ ದಿನವೇ ಬರಬೇಕೆಂದಿಲ್ಲ.