ಬೀಗರಿಲ್ಲದ ವಂಶವೃಕ್ಷ

1845ರ ಅಕ್ಟೋಬರಿನಲ್ಲಿ ದಕ್ಷಿಣ ಇಂಗ್ಲೆಂಡಿನ ಲೂಯಿಸ್ ಪಟ್ಟಣದಲ್ಲಿ ರೈಲುದಾರಿಗೆಂದು ನೆಲ ಅಗೆಯುತ್ತಿದ್ದ ಕೂಲಿಗಳಿಗೆ ಎರಡು ಸಣ್ಣ ಸೀಸದ ಪೆಟ್ಟಿಗೆಗಳು ಸಿಕ್ಕವು. ಒಳಗೆ ಮೂಳೆ, ಮೇಲೆ ಹೆಸರು. ಒಂದರ ಮೇಲೆ ವಿಲಿಯಂ, ಇನ್ನೊಂದರ ಮೇಲೆ ಗುಂಡ್ರಾಡ. ಹಳಿ ಹಾಯುತ್ತಿದ್ದದ್ದು ಹಾಳುಬಿದ್ದ ಮಠವೊಂದರ ನಡುವೆ. 1077ರ ಸುಮಾರಿಗೆ ಆ ಮಠವನ್ನು ಕಟ್ಟಿಸಿದವರು ಇದೇ ಗಂಡಹೆಂಡಿರು. ಗಂಡ ವಿಲಿಯಂ ಡಿ ವಾರೆನ್, 1066ರಲ್ಲಿ ನಾರ್ಮಂಡಿಯ ಡ್ಯೂಕನ ಜತೆ ಕಡಲು ದಾಟಿ ಬಂದು ಹೇಸ್ಟಿಂಗ್ಸ್‌ನಲ್ಲಿ ಕಾದಾಡಿದವನು. ಅವನ ಬಗ್ಗೆ ತಕರಾರಿರಲಿಲ್ಲ. ತಕರಾರೆಲ್ಲ ಹೆಂಡತಿಯದು. ಅವಳು ಯಾರ ಮಗಳು?

ಡ್ಯೂಕ್ ವಿಲಿಯಂ ಇಂಗ್ಲೆಂಡಿನ ರಾಜನಾದನಲ್ಲ, ಅವನ ರಾಣಿ ಮಟಿಲ್ಡಾಳ ಮಗಳೇ ಗುಂಡ್ರಾಡ ಎಂದು ಮಠದವರು ದಾಖಲೆ ಇಟ್ಟುಕೊಂಡಿದ್ದರು. ಶತಮಾನಗಳ ಕಾಲ ಜನ ನಂಬಿದರು. ವಾರೆನ್ ಮನೆತನದಿಂದ ಇಳಿದುಬಂದೆವೆನ್ನುವವರಿಗೆಲ್ಲ ರಾಜರಕ್ತ ಪುಕ್ಕಟೆಯಾಗಿ ಸಿಕ್ಕಿದಂತಾಯಿತು. 19ನೇ ಶತಮಾನದ ಕೊನೆಗೆ ಫ್ರೀಮನ್‌ನಂಥ ಇತಿಹಾಸಕಾರರು ಇದನ್ನು ಮುರಿದದ್ದು ಒಂದು ಪತ್ರದಿಂದ. ಗುಂಡ್ರಾಡಳ ಮಗನಿಗೆ, ಮಟಿಲ್ಡಾಳ ಮಗನಾದ ರಾಜ ಒಂದನೇ ಹೆನ್ರಿ ತನ್ನ ಮಗಳೊಬ್ಬಳನ್ನು ಕೊಡಲು ಹೊರಟಾಗ ಆರ್ಚ್‌ಬಿಷಪ್ ಆನ್ಸೆಲ್ಮ್ ತಡೆದ. ಗಂಡು ಹೆಣ್ಣು ಇಬ್ಬರೂ ರಕ್ತಸಂಬಂಧಿಗಳು, ಒಂದು ಕಡೆಯಿಂದ ನಾಲ್ಕನೇ ತಲೆಮಾರು, ಇನ್ನೊಂದು ಕಡೆಯಿಂದ ಆರನೆಯದು, ಆದ್ದರಿಂದ ಈ ಮದುವೆ ಸಲ್ಲದು ಎಂದ. ಗುಂಡ್ರಾಡ ಹೆನ್ರಿಯ ಒಡಹುಟ್ಟಿದವಳೇ ಆಗಿದ್ದರೆ ಅಷ್ಟು ಹಿಂದಕ್ಕೆ ಲೆಕ್ಕ ಹಾಕುವ ಗೊಡವೆ ಆ ಪಾದ್ರಿಗೆ ಯಾಕೆ? ಸೋದರತ್ತೆಯ ಮಗ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಗುಂಡ್ರಾಡ ಫ್ಲಾಂಡರ್ಸ್ ಕಡೆಯವಳು, ಗೆರ್ಬೊಡ್ ಮತ್ತು ಫ್ರೆಡರಿಕ್ ಅವಳ ಒಡಹುಟ್ಟಿದವರು.

ನನಗೆ ಇಷ್ಟವಾಗುವುದು ಈ ವಾದ ಹಿಡಿದ ದಾರಿ. ರಕ್ತದ ಪ್ರಶ್ನೆಯನ್ನು ಬಗೆಹರಿಸಿದ್ದು ನಡೆಯದೇ ಹೋದ ಒಂದು ಬೀಗತನ. ಫ್ರೆಂಚ್ ಮೂಲದ ಇಂಗ್ಲಿಷ್ ಶ್ರೀಮಂತರ ವಂಶಾವಳಿ ಬರೆಯುವ ಪರಂಪರೆಗೆ ನಾಲ್ಕೈದು ಶತಮಾನಗಳ ವಯಸ್ಸಾಗಿದೆ. ಅದು ಸುಳ್ಳನ್ನು ಬಿಡಲು ಕಲಿತಿದೆ, ಶಾಸನಪತ್ರ ಓದಲು ಕಲಿತಿದೆ. ಬೀಗರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮಾತ್ರ ತುಂಬಾ ತಡಮಾಡಿತು ಎಂಬುದು ನನ್ನ ದೂರು.

ಮೊದಲು ಸುಳ್ಳಿನ ಕಾಲ. ಹೇಸ್ಟಿಂಗ್ಸ್ ಕದನ ನಡೆದ ಜಾಗದಲ್ಲಿ ಕಟ್ಟಿದ ಬ್ಯಾಟಲ್ ಮಠದಲ್ಲಿ ವಿಲಿಯಮನ ಜತೆ ಬಂದವರ ಪಟ್ಟಿಯಿತ್ತೆಂದು ಪ್ರತೀತಿ. ಮೂಲ ಎಲ್ಲೂ ಉಳಿದಿಲ್ಲ. ಉಳಿದಿರುವುದು ನೂರಾರು ವರ್ಷ ತಡವಾದ ನಕಲುಗಳು, ಒಂದಕ್ಕೊಂದು ತಾಳೆಯಾಗದಂಥವು. ದುಡ್ಡಿದ್ದವರು ಹೆಸರು ಸೇರಿಸಿಕೊಂಡರು ಎಂಬ ಗುಮಾನಿಯಂತೂ ಹಳೆಯದು. ಕದನದಲ್ಲಿ ಇದ್ದರೆಂದು ಸಮಕಾಲೀನ ಆಧಾರದಿಂದ ಹೇಳಬಹುದಾದವರು ಇಪ್ಪತ್ತು ಮುಟ್ಟಿದರೆ ಹೆಚ್ಚು. ಆದರೂ 1931ರಲ್ಲಿ ಫಲೇಸ್ ಕೋಟೆಯಲ್ಲಿ ನೂರಾರು ಹೆಸರುಗಳ ಫಲಕ ತೂಗುಹಾಕಿದರು. ಹಾರ್ಡಿಯ ‘ಟೆಸ್’ ಕಾದಂಬರಿ ಓದಿದವರಿಗೆ ನೆನಪಿರಬಹುದು: ಸಂಜೆ ಮನೆಗೆ ನಡೆದು ಹೋಗುತ್ತಿದ್ದ ಬಡ ವ್ಯಾಪಾರಿಯೊಬ್ಬನಿಗೆ ಪಾದ್ರಿಯೊಬ್ಬ, ನೀನು ವಿಲಿಯಮನ ಜತೆ ಬಂದ ಡರ್ಬರ್ವಿಲ್ ವಂಶದವನು ಎಂದುಬಿಡುತ್ತಾನೆ. ಅದಕ್ಕೆ ಪಾದ್ರಿ ಕೊಡುವ ಸಾಕ್ಷಿ ಇದೇ ಬ್ಯಾಟಲ್ ಮಠದ ಪಟ್ಟಿ. ಆ ಒಂದು ಮಾತಿನಿಂದ ಒಂದು ಸಂಸಾರ ಹಾಳಾಗುತ್ತದೆ. 1891ರಲ್ಲಿ ಹಾರ್ಡಿ ಅದನ್ನು ಬರೆಯುವಾಗ ಪಟ್ಟಿಯ ಬೆಲೆ ಎಷ್ಟೆಂದು ಅವನಿಗೆ ಗೊತ್ತಿತ್ತೆಂದೇ ನನ್ನ ಊಹೆ.

16 ಮತ್ತು 17ನೇ ಶತಮಾನಗಳಲ್ಲಿ ಲಾಂಛನಾಧಿಕಾರಿಗಳು ಜಿಲ್ಲೆ ಜಿಲ್ಲೆ ಸುತ್ತಿ ಮನೆತನಗಳ ವಂಶಾವಳಿ ಬರೆದುಕೊಂಡರು. ಮನೆಯ ಯಜಮಾನ ಹೇಳಿದ್ದೇ ಬಹಳಷ್ಟು ಸಲ ದಾಖಲೆ. ಇವರ ಸಾಲಿನಿಂದಲೇ ಬಂದರೂ ವಿಲಿಯಂ ಡಗ್ಡೇಲ್ ಬೇರೆ ತೂಕದವನು. 1675-76ರಲ್ಲಿ ಅಚ್ಚಾದ ಅವನ ಬ್ಯಾರನ್‌ಗಳ ಚರಿತ್ರೆಗೆ ಮಠಗಳ ದಾನಪತ್ರಗಳು, ಸರ್ಕಾರಿ ಕಡತಗಳು ಆಧಾರ. ತಪ್ಪುಗಳಿವೆ, ಆದರೆ ಅವು ಮೋಸದ ತಪ್ಪುಗಳಲ್ಲ.

ಆಮೇಲೆ ಬಂದವನು ಜೆ. ಹೊರೇಸ್ ರೌಂಡ್ (1854–1928). ಈ ಪರಂಪರೆಯಲ್ಲಿ ಇವನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ, ಇವನಷ್ಟು ಮುಂಗೋಪಿಯೂ ಇಲ್ಲ. ಒಬ್ಬ ವಿದ್ವಾಂಸನ ತಪ್ಪು ಸಿಕ್ಕರೆ ಮೂರು ಪುಟದಲ್ಲಿ ಹೇಳಬಹುದಾದದ್ದನ್ನು ಮೂವತ್ತು ಪುಟ ಎಳೆದು, ಎದುರಾಳಿ ನೆಲಕ್ಕೆ ಬಿದ್ದ ಮೇಲೂ ಹೊಡೆಯುವ ಜಾಯಮಾನ. ಫ್ರೀಮನ್ ತೀರಿಕೊಂಡ ಮೇಲೂ ಅವನ ಮೇಲಿನ ದಾಳಿ ನಿಲ್ಲಲಿಲ್ಲ. ಆದರೆ ಕೆಲಸ ಅಪ್ಪಟ. ಫೀಲ್ಡಿಂಗ್ ಮನೆತನ ತಾವು ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಕುಡಿ ಎಂದು ಬೀಗುತ್ತಿತ್ತು, ಇತಿಹಾಸಕಾರ ಗಿಬ್ಬನ್‌ನಂಥವನೇ ಅದನ್ನು ನಂಬಿದ್ದ. 1901ರ ತನ್ನ ಪುಸ್ತಕದಲ್ಲಿ ರೌಂಡ್ ಆ ದಾಖಲೆಗಳು ಖೋಟಾ ಎಂದು ತೋರಿಸಿದ. ಅದೇ ಪುಸ್ತಕದಲ್ಲಿ ಸ್ಟುವರ್ಟ್ ಅರಸರ ಮೂಲವನ್ನೂ ಕೆದಕಿದ. ‘ಮ್ಯಾಕ್‌ಬೆತ್’ ನಾಟಕದ ಬ್ಯಾಂಕೋನಿಂದ ಇಳಿದವರು ಅವರೆಂಬುದು ಕಟ್ಟುಕಥೆ. ಬ್ರಿಟನಿಯ ಡೋಲ್ ಎಂಬ ಊರಿನಲ್ಲಿ ಬಿಷಪ್ಪನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವರ ವಂಶ ಅದು. ಆ ವಂಶದ ಅಲನ್ ಎಂಬವನು ಇಂಗ್ಲೆಂಡಿಗೆ ಬಂದ. ಅವನ ಒಬ್ಬ ಮಗ ವಿಲಿಯಮನಿಂದ ಫಿಟ್ಸ್‌ಅಲನ್ ಮನೆತನ, ಇನ್ನೊಬ್ಬ ಮಗ ವಾಲ್ಟರ್ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿನ ರಾಜನ ಸ್ಟುವರ್ಡ್ ಆದ.

ಕೊಕೇನ್ ಎಂಬವನು ಆರಂಭಿಸಿದ, ಶ್ರೀಮಂತರ ಬಿರುದುಗಳ ಲೆಕ್ಕವಿಡುವ ‘ಕಂಪ್ಲೀಟ್ ಪೀರೇಜ್’ ರೌಂಡ್ ಹಾಕಿಕೊಟ್ಟ ದಾರಿಯಲ್ಲಿ 1910ರಿಂದ ಮತ್ತೆ ತಿದ್ದಿ ಬರೆಯಲ್ಪಟ್ಟಿತು. 1951ರಲ್ಲಿ ಲಾಯ್ಡ್‌ನ ಪುಸ್ತಕ ಯಾವ ಮನೆತನ ನಾರ್ಮಂಡಿಯ ಯಾವ ಹಳ್ಳಿಯದು ಎಂದು ಒಂದೊಂದಾಗಿ ಗುರುತಿಸಿತು. ಇವರ ಪದ್ಧತಿ ನಮ್ಮ ಕಂದಾಯ ಇಲಾಖೆಯ ಹಳೆಯ ಶಾನುಭೋಗರಿಗೂ ಒಪ್ಪಿಗೆಯಾಗುವಂಥದ್ದು: ಕಥೆ ನಂಬಬೇಡ, ಜಮೀನು ಯಾರಿಂದ ಯಾರಿಗೆ ಹೋಯಿತು ನೋಡು, ಪತ್ರಕ್ಕೆ ಯಾರು ಸಾಕ್ಷಿ ಹಾಕಿದ್ದಾರೆ ನೋಡು.

ಜಮೀನಿನ ಜಾಡು ಹಿಡಿದು ಹೋದರೆ ಎರಡು ಮೂರು ತಲೆಮಾರಿಗೊಮ್ಮೆ ಒಬ್ಬ ಹೆಂಗಸು ಸಿಗುತ್ತಾಳೆ. ಆದರೆ ಇವರು ಅಚ್ಚು ಹಾಕಿದ ವಂಶವೃಕ್ಷ ನೋಡಿ. ಗಂಡಿನಿಂದ ಗಂಡಿಗೆ ಉದ್ದಗೆರೆ. ಹೆಂಡತಿಗೆ ಒಂದು ಸಮಚಿಹ್ನೆ, ಅದರ ಪಕ್ಕ ಒಂದು ಹೆಸರು, ಕೆಲವು ಸಲ ಅದೂ ಇಲ್ಲ. ಗಂಡುಮಕ್ಕಳಿಲ್ಲದೆ ಹೋದರೆ ಮನೆತನ ‘ಅಳಿಯಿತು’. ಪೀರೇಜ್ ಪುಸ್ತಕದ ಉದ್ದೇಶವೇ ಬಿರುದುಗಳ ಲೆಕ್ಕ, ಬಿರುದು ಗಂಡಿನ ಮೇಲೆ ನಡೆಯುತ್ತಿತ್ತು ಎಂಬ ಸಮರ್ಥನೆ ಇದೆ, ಅರ್ಧ ಒಪ್ಪತಕ್ಕದ್ದೇ. ಉಳಿದರ್ಧಕ್ಕೆ ಕ್ಲೇರ್ ಮನೆತನವೇ ಉತ್ತರ.

ಕ್ಲೇರ್ ಎಂಬುದು ಸಫೋಕ್‌ನ ಒಂದು ಊರು, ಹೆಸರೇ ಇಂಗ್ಲಿಷ್ ಊರಿನದು. ಮೂಲಪುರುಷ ರಿಚರ್ಡ್ ನಾರ್ಮಂಡಿಯ ಬ್ರಿಯೋನ್‌ನ ಕೌಂಟ್ ಗಿಲ್ಬರ್ಟನ ಮಗ. ಅವನನ್ನು ದಾಖಲೆಗಳು ಬಿಯೆನ್‌ಫೆಟ್ ರಿಚರ್ಡ್ ಎನ್ನುತ್ತವೆ, ಟನ್‌ಬ್ರಿಜ್ ರಿಚರ್ಡ್ ಎನ್ನುತ್ತವೆ, ಗಿಲ್ಬರ್ಟನ ಮಗ ಎನ್ನುತ್ತವೆ. ಅಡ್ಡಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ಹೆಸರು ಗಟ್ಟಿಯಾದದ್ದು ಜಮೀನು ಗಟ್ಟಿಯಾದ ಮೇಲೆ ಎಂದು ಜೆ.ಸಿ. ಹೋಲ್ಟ್ 1980ರ ದಶಕದ ಉಪನ್ಯಾಸಗಳಲ್ಲಿ ತೋರಿಸಿದ. ರಿಚರ್ಡನ ಹೆಂಡತಿ ರೊಹೇಸ್, ಜಿಫರ್ಡ್ ಮನೆಯ ಹೆಣ್ಣು. ನೂರು ವರ್ಷದ ಮೇಲೆ, 1164ರಲ್ಲಿ, ಜಿಫರ್ಡರ ಗಂಡುಸಂತತಿ ನಿಂತುಹೋಯಿತು. 1189ರಲ್ಲಿ ಅವರ ಆಸ್ತಿ ಪಾಲಾದಾಗ ಅದು ಹೋದದ್ದು ರೊಹೇಸಳ ವಂಶದ ಎರಡು ಕವಲುಗಳಿಗೆ. ಸತ್ತು ಎಷ್ಟೋ ಕಾಲವಾಗಿದ್ದ ಮುತ್ತಜ್ಜಿಯ ತವರನ್ನು ಮನೆಯವರು ಮರೆತಿರಲಿಲ್ಲ. ವಂಶವೃಕ್ಷ ಬರೆದವರು ಸಮಚಿಹ್ನೆಯ ಪಕ್ಕ ನೂಕಿದ ಹೆಸರನ್ನು ಆ ಜನ ನೂರು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದರು.

ಆ ಕಾಲದ ಬರಹಗಾರರಿಗೂ ಇದು ಗೊತ್ತಿತ್ತು. 1139ರ ಸುಮಾರಿಗೆ ಟೊರಿಗ್ನಿಯ ರಾಬರ್ಟ್ ಎಂಬ ಸನ್ಯಾಸಿ ನಾರ್ಮನ್ ಡ್ಯೂಕರ ಹಳೆಯ ಚರಿತ್ರೆಗೆ ಒಂದು ವಂಶಾವಳಿ ಸೇರಿಸಿದ. ಅದರ ನಡುಗಂಬ ಒಬ್ಬ ಹೆಂಗಸು: ಡ್ಯೂಕ್ ಒಂದನೇ ರಿಚರ್ಡನ ಹೆಂಡತಿ ಗುನ್ನೋರ್. ಅವಳ ತಂಗಿಯರು, ಅವರ ಮತ್ತು ಅವಳ ಅಣ್ಣನ ಹೆಣ್ಣುಮಕ್ಕಳು ಯಾರ ಯಾರ ಮನೆ ಸೇರಿದರು ಎಂದು ಹೇಳುತ್ತಾ ಹೋಗುತ್ತಾನೆ: ಜಿಫರ್ಡ್, ವಾರೆನ್, ಮಾಂಟ್‌ಗೊಮರಿ, ಮಾರ್ಟಿಮರ್. ಇಂಗ್ಲೆಂಡನ್ನು ಹಂಚಿಕೊಂಡವರಲ್ಲಿ ಅನೇಕರು ಒಬ್ಬ ಡ್ಯೂಕಿಣಿಯ ತವರಿನ ಕಡೆಯ ನಂಟರು. ರಾಬರ್ಟ್ ತಲೆಮಾರು ಎಣಿಸುವುದರಲ್ಲಿ ಅಲ್ಲಲ್ಲಿ ತಪ್ಪಿದ್ದಾನೆ, ಆ ತಪ್ಪು ಹಿಡಿಯುವುದರಲ್ಲೇ ಹಲವರ ಜನ್ಮ ಸವೆದಿದೆ. ಅವನು ಯಾಕೆ ಹೆಂಗಸರಿಂದ ಆರಂಭಿಸಿದ ಎಂದು ಕೇಳಿದವರು ಬಹುಕಾಲ ಕಡಿಮೆ.

ರೌಂಡ್‌ನ ಕುರುಡನ್ನು ನಾನು ಅಜ್ಞಾನ ಎನ್ನಲಾರೆ. 1185ರಲ್ಲಿ ಎರಡನೇ ಹೆನ್ರಿಯ ಅಧಿಕಾರಿಗಳು ಹನ್ನೆರಡು ಜಿಲ್ಲೆ ತಿರುಗಿ, ರಾಜನ ಕೈಕೆಳಗೆ ಬರುವ ವಿಧವೆಯರ, ತಬ್ಬಲಿ ಮಕ್ಕಳ ಪಟ್ಟಿ ಮಾಡಿದರು. ವಯಸ್ಸೆಷ್ಟು, ಮಕ್ಕಳೆಷ್ಟು, ಜಮೀನಿನ ಹುಟ್ಟುವಳಿ ಎಷ್ಟು, ಹೊಲದಲ್ಲಿ ಎತ್ತು ಕುರಿ ಎಷ್ಟು. ವಿಧವೆಯ ಮರುಮದುವೆ ರಾಜನ ಕೈಯಲ್ಲಿತ್ತು. ಅದನ್ನು ಅವನು ಮಾರುತ್ತಿದ್ದ. ಕೊಂಡವನಿಗೆ ಹೆಂಡತಿಯ ಜತೆ ಅವಳ ಆಸ್ತಿ. 1215ರ ಮ್ಯಾಗ್ನ ಕಾರ್ಟಾದಲ್ಲಿ, ವಿಧವೆಯನ್ನು ಬಲವಂತವಾಗಿ ಮದುವೆ ಮಾಡಕೂಡದು ಎಂಬ ಕಲಮು ಬಂದದ್ದು ಸುಮ್ಮನೆ ಅಲ್ಲ. ಈ 1185ರ ಪಟ್ಟಿಯನ್ನು 1913ರಲ್ಲಿ ಸಂಪಾದಿಸಿ ಕೊಟ್ಟವನು ಸ್ವತಃ ರೌಂಡ್! ಬೀಗತನದ ಮಾರುಕಟ್ಟೆಯ ಲೆಕ್ಕಪುಸ್ತಕವೇ ಅವನ ಕೈಯಲ್ಲಿತ್ತು. ಅದನ್ನು ಅವನು ಗಂಡಸರ ಹೆಸರು ಸರಿಪಡಿಸಲು ಬಳಸಿಕೊಂಡ.

ಈ ಕೊರತೆ ತುಂಬಿದ್ದು ಕಳೆದ ನಲವತ್ತೈವತ್ತು ವರ್ಷಗಳ ಕೆಲಸ. ಡೇವಿಡ್ ಕ್ರೌಚ್, ಜೂಡಿತ್ ಗ್ರೀನ್, ಸೂಸನ್ ಜಾನ್ಸ್ ಮುಂತಾದವರು ಹೆಂಗಸರನ್ನು ಸಮಚಿಹ್ನೆಯಿಂದ ಈಚೆಗೆ ತಂದರು. ಕೀಟ್ಸ್-ರೋಹನ್ 1999 ಮತ್ತು 2002ರಲ್ಲಿ ಹೊರತಂದ ಎರಡು ದಪ್ಪ ಸಂಪುಟಗಳು ‘ನಾರ್ಮನ್’ ಎಂಬ ಒಂದೇ ಪದದಡಿ ಮುಚ್ಚಿಹೋಗಿದ್ದ ಬ್ರೆಟನ್ನರನ್ನು, ಫ್ಲೆಮಿಂಗರನ್ನು ಬಿಡಿಸಿ ತೋರಿಸಿದವು. ಯಾರ್ಕ್‌ಶೈರಿನ ರಿಚ್ಮಂಡ್ ಕೋಟೆಯ ಅಲನ್ ಬ್ರೆಟನ್. ರಾಜನಿಗೆ ಅವನು ನಂಟನಾದದ್ದೂ ಅಜ್ಜಿಯಿಂದ, ಆಕೆ ನಾರ್ಮಂಡಿಯ ಡ್ಯೂಕನ ಮಗಳು. ಆದರೆ ಹೊಸಬರನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಎರಡು ಮನೆತನಗಳಲ್ಲಿ ಒಂದೇ ಅಪರೂಪದ ಹೆಸರು ಮರುಕಳಿಸಿದರೆ ನಡುವೆ ಒಂದು ಮದುವೆ ನಡೆದಿರಬೇಕೆಂದು ಊಹಿಸುವ ಪದ್ಧತಿ ಈಗ ಜೋರಾಗಿದೆ. ಅಜ್ಜನ ಹೆಸರು ಮೊಮ್ಮಗನಿಗಿಡುವ ನಾಡಿನ ನಮಗೆ ಇದು ಸಹಜವೆನಿಸುತ್ತದೆ, ಅದಕ್ಕೇ ಎಚ್ಚರ ಬೇಕು. ಒಡೆಯನ ಹೆಸರನ್ನು ಆಳು, ಜ್ಞಾನಪಿತನ ಹೆಸರನ್ನು ದೀಕ್ಷೆಯ ಮಗು ಪಡೆಯುವುದೂ ಅಲ್ಲಿತ್ತು. ಜಮೀನಿನ ಸಾಕ್ಷಿ ಇಲ್ಲದ ಹೆಸರಿನ ಸಾಕ್ಷಿಯನ್ನು ರೌಂಡ್ ಒಪ್ಪುತ್ತಿರಲಿಲ್ಲ. ಆ ಮಟ್ಟಿಗೆ ಮುದುಕನೇ ಸರಿ.

ಬೀಗತನದ ಕಣ್ಣಿನಿಂದ ನೋಡಿದರೆ ರಾಜಕೀಯವೇ ಬೇರೆಯಾಗಿ ಕಾಣುತ್ತದೆ. 1204ರಲ್ಲಿ ನಾರ್ಮಂಡಿ ಫ್ರಾನ್ಸಿನ ರಾಜನ ಪಾಲಾಯಿತು, ಶ್ರೀಮಂತರು ಆಗಿನಿಂದ ಇಂಗ್ಲಿಷರಾದರು ಎಂದು ಪಾಠಪುಸ್ತಕಗಳು ಹೇಳುತ್ತವೆ. ಆದರೆ ಪರದೇಶಿಗಳ ವಿರುದ್ಧ ಬ್ಯಾರನ್‌ಗಳ ದಂಡು ಕಟ್ಟಿದ, 1265ರ ಪಾರ್ಲಿಮೆಂಟಿಗೆ ಹೆಸರಾದ ಸೈಮನ್ ಡಿ ಮಾಂಟ್‌ಫರ್ಟ್ ಸ್ವತಃ ಫ್ರಾನ್ಸಿನಲ್ಲಿ ಹುಟ್ಟಿದವನು. 1230ರ ಸುಮಾರಿಗೆ ಅವನು ಇಂಗ್ಲೆಂಡಿಗೆ ಬಂದದ್ದು ಲೆಸ್ಟರಿನಲ್ಲಿ ಅಜ್ಜಿ ಅಮೀಶಿಯಾಳ ಪಾಲು ಕೇಳಿಕೊಂಡು. ಅವನು ಓಡಿಸಬೇಕೆಂದವರಲ್ಲಿ ಮೊದಲಿಗ ವಿಲಿಯಂ ಡಿ ವಾಲೆನ್ಸ್, ರಾಜನ ಮಲತಮ್ಮ. ಅವನೂ ಹೆಂಡತಿಯ ಆಸ್ತಿಯಿಂದಲೇ ದೊಡ್ಡವನಾದವನು.

ಆ ಹೆಂಡತಿ ಯಾರು? ವಿಲಿಯಂ ಮಾರ್ಷಲ್‌ನ ಮಗಳ ಮಗಳು. ಮಾರ್ಷಲ್ ಸ್ವಂತ ಜಮೀನು ಇಲ್ಲದ ನೈಟ್ ಆಗಿ ಬಾಳು ಆರಂಭಿಸಿದವನು. 1189ರಲ್ಲಿ ಕ್ಲೇರ್ ಮನೆಯ ಇಸಬೆಲ್‌ಳ ಕೈ ಹಿಡಿದು ವೇಲ್ಸ್, ಐರ್ಲೆಂಡ್, ನಾರ್ಮಂಡಿಗಳಲ್ಲಿ ಒಡೆಯನಾದ. ಅವಳ ತಾಯಿ ಐರ್ಲೆಂಡಿನ ಲೆನ್‌ಸ್ಟರ್ ಅರಸನ ಮಗಳು. ಈ ದಂಪತಿಗೆ ಐದು ಗಂಡು, ಐದು ಹೆಣ್ಣು. ಐವರು ಗಂಡುಮಕ್ಕಳೂ ಒಬ್ಬರಾದ ಮೇಲೊಬ್ಬರು ಅರ್ಲ್ ಆಗಿ ವಾರಸುದಾರರಿಲ್ಲದೆ ಸತ್ತರು. 1245ಕ್ಕೆ ಮಾರ್ಷಲ್ ಮನೆತನ ‘ಅಳಿಯಿತು’.

ಅಳಿದದ್ದು ಏನು? 1314ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್‌ನಲ್ಲಿ ಎರಡು ಸೈನ್ಯಗಳು ಎದುರಾದವು. ಇಂಗ್ಲೆಂಡಿನ ಕಡೆ ಗ್ಲೌಸ್ಟರಿನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್, ಹರ್ಫರ್ಡಿನ ಅರ್ಲ್ ಬೋಹುನ್, ಪೆಂಬ್ರೋಕಿನ ಅರ್ಲ್ ಆಯ್ಮರ್ ಡಿ ವಾಲೆನ್ಸ್. ಮೂವರೂ ಮಾರ್ಷಲ್‌ನ ಮೂವರು ಹೆಣ್ಣುಮಕ್ಕಳ ಸಂತತಿ. ಎದುರಿಗೆ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್, ನಾರ್ಮಂಡಿಯ ಬ್ರಿಕ್ಸ್ ಎಂಬ ಹಳ್ಳಿಯ ಹೆಸರು ಹೊತ್ತ ಮನೆತನದವನು. ಅವನ ಅಜ್ಜಿ ಕ್ಲೇರ್ ಮನೆಯ ಹೆಣ್ಣು. ಆ ಅಜ್ಜಿಯ ತಾಯಿ ಮಾರ್ಷಲ್‌ನ ಮಗಳು. ಗಿಲ್ಬರ್ಟನಿಗೂ ಅವಳೇ ಮುತ್ತಜ್ಜಿ. ಸಾಲದ್ದಕ್ಕೆ ಗಿಲ್ಬರ್ಟ್ ಮತ್ತು ಬ್ರೂಸ್ ಕೈಹಿಡಿದದ್ದು ಅಲ್ಸ್ಟರಿನ ಅರ್ಲ್‌ನ ಇಬ್ಬರು ಹೆಣ್ಣುಮಕ್ಕಳನ್ನು. ಕನ್ನಡದಲ್ಲಿ ಒಂದೇ ಪದ ಸಾಕು, ಷಡ್ಡಕರು. ಇಂಗ್ಲಿಷಿನಲ್ಲಿ ಅದನ್ನು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಬೇಕು. ಗಿಲ್ಬರ್ಟ್ ಆ ಕದನದಲ್ಲಿ ಸತ್ತ. ಬ್ರೂಸ್ ಹಣ ಕೇಳದೆ, ಗೌರವದಿಂದ ಹೆಣವನ್ನು ಕಳುಹಿಸಿಕೊಟ್ಟ. ಸೆರೆಸಿಕ್ಕ ಹರ್ಫರ್ಡಿನ ಅರ್ಲ್‌ನನ್ನು ಬಿಟ್ಟು, ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ತನ್ನ ಹೆಂಡತಿಯನ್ನೂ ಮಗಳು ಮಾರ್ಜರಿಯನ್ನೂ ಬಿಡಿಸಿಕೊಂಡ. ಮರುವರ್ಷ ಆ ಮಾರ್ಜರಿಯನ್ನು ವಾಲ್ಟರ್ ಸ್ಟುವರ್ಟನಿಗೆ ಕೊಟ್ಟ. ಡೋಲ್‌ನ ಮನೆವಾರ್ತೆಯವರ ವಂಶ ಸಿಂಹಾಸನ ಏರಿದ್ದು ಅವಳ ಮಗನಿಂದ. ರೌಂಡ್ ಕಷ್ಟಪಟ್ಟು ಕಂಡುಹಿಡಿದ ಗಂಡುಗೆರೆಯನ್ನು ರಾಜಗೆರೆ ಮಾಡಿದ್ದು ಒಬ್ಬ ಮಗಳು.

ಗಿಲ್ಬರ್ಟನಿಗೆ ಮಕ್ಕಳು ಉಳಿದಿರಲಿಲ್ಲ. 1317ರಲ್ಲಿ ಅವನ ಆಸ್ತಿ ಮೂವರು ಅಕ್ಕತಂಗಿಯರಿಗೆ ಪಾಲಾಯಿತು, ಪುಸ್ತಕಗಳ ಲೆಕ್ಕದಲ್ಲಿ ಕ್ಲೇರ್ ಮನೆತನವೂ ಅಳಿಯಿತು. ಕಿರಿಯವಳು ಎಲಿಜಬೆತ್. ಮೂರು ಸಲ ವಿಧವೆಯಾದ ಮೇಲೆ ಮತ್ತೆ ಮದುವೆಯಾಗದೆ ತನ್ನ ಪಾಲನ್ನು ತಾನೇ ಆಳಿದಳು. ಕೇಂಬ್ರಿಜ್‌ನಲ್ಲಿ ದುಡ್ಡಿಲ್ಲದೆ ಬಡವಾಗಿದ್ದ ವಿದ್ಯಾರ್ಥಿಮಂದಿರವೊಂದನ್ನು 1338ರಲ್ಲಿ ಕೈಗೆತ್ತಿಕೊಂಡು ತವರಿನ ಹೆಸರು ಇಟ್ಟಳು. ಕ್ಲೇರ್ ಕಾಲೇಜು ಈಗಲೂ ಅದೇ ಹೆಸರಿನಲ್ಲಿ ನಡೆಯುತ್ತಿದೆ.