ಕಂದು ರೋಗದ ಸಮೀಕ್ಷೆಗೆ ಸಿಗದ ಹಸು

ಗಬ್ಬದ ಹಸು ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ ಹೈನುಗಾರರ ಮನೆಗೆ ಆಗುವ ನಷ್ಟ ಒಂದು ಕರುವಿನದಷ್ಟೇ ಅಲ್ಲ. ಕಸ ಸರಿಯಾಗಿ ಬೀಳುವುದಿಲ್ಲ, ಹಾಲು ಇಳಿಯುತ್ತದೆ, ಮತ್ತೆ ಗಬ್ಬ ಕಟ್ಟುವುದು ತಡವಾಗುತ್ತದೆ. ಬ್ರುಸೆಲ್ಲ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ಕಂದು ರೋಗವನ್ನು ನಮ್ಮ ವಿಜ್ಞಾನಿಗಳು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಅಳತೆಯ ವಿಧಾನ ನಮ್ಮ ಕೊಟ್ಟಿಗೆಗಳಿಗೆ ಒಗ್ಗಿಲ್ಲ ಎಂಬುದು ನನ್ನ ತಕರಾರು.

ರೂಢಿಯ ವಿಧಾನ ಹೀಗಿದೆ. ಊರೂರಿಗೆ ಹೋಗಿ ಹಸು, ಎಮ್ಮೆಗಳ ರಕ್ತ ತರುತ್ತಾರೆ. ಸೀರಂನ ಒಂದು ಹನಿಗೆ ರೋಸ್ ಬೆಂಗಾಲ್ ದ್ರಾವಣ ಬೆರೆಸಿ ನಾಲ್ಕು ನಿಮಿಷ ನೋಡುತ್ತಾರೆ, ಕಣಕಣವಾಗಿ ಗಂಟುಕಟ್ಟಿದರೆ ಪಾಸಿಟಿವ್. ಎಲೈಸಾ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಂಡು ಶೇಕಡಾವಾರು ಲೆಕ್ಕ ಬರೆಯುತ್ತಾರೆ. ಇಂಥ ಲೆಕ್ಕಗಳಿಂದ ದೊಡ್ಡ ಉಪಕಾರವೇ ಆಗಿದೆ. ರೋಗ ದೇಶದ ಉದ್ದಗಲಕ್ಕೂ ಇದೆ ಎಂದು ತೋರಿಸಿಕೊಟ್ಟದ್ದು ಅವೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಲು ಆಧಾರ ಸಿಕ್ಕಿದ್ದೂ ಅವುಗಳಿಂದ.

ಆದರೆ ರೋಗ ಎಲ್ಲಿದೆ ಎಂದು ತಿಳಿದರೆ ಅದು ಹೇಗೆ ನಡೆದಾಡುತ್ತದೆ ಎಂದು ತಿಳಿದಂತಾಗುವುದಿಲ್ಲ. ವಿದೇಶದ ಪಠ್ಯಗಳಲ್ಲಿ ಹಿಂಡು ಎಂದರೆ ಬೇಲಿ ಹಾಕಿದ ಒಂದು ಫಾರಂ, ಅದಕ್ಕೊಂದು ಹಾಲಿನ ಟ್ಯಾಂಕ್. ಟ್ಯಾಂಕಿನ ಹಾಲು ಪರೀಕ್ಷಿಸಿದರೆ ಇಡೀ ಹಿಂಡಿನ ಸುದ್ದಿ ಗೊತ್ತಾಗುತ್ತದೆ. ನಮ್ಮ ಡೇರಿ ಸೊಸೈಟಿಯ ಕ್ಯಾನಿನಲ್ಲಿ ಇರುವುದು ಹಲವು ಮನೆಗಳ ಹಾಲು. ಒಂದು ಹಸುವಿನ ಪ್ರತಿಕಾಯ ಅಷ್ಟು ಹಾಲಿನಲ್ಲಿ ತೆಳುವಾಗಿ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು. ಕಂಡರೂ ಯಾವ ಮನೆಯದೆಂದು ಹೇಳುವಂತಿಲ್ಲ. ಕಂದು ಹಾಕಿ ಹಾಲು ಬತ್ತಿದ ಹಸುವಂತೂ ಕ್ಯಾನಿಗೆ ಬರುವುದೇ ಇಲ್ಲ. ಹಾಗೆಂದು ಎರಡು ಮೂರು ಹಸುಗಳ ಪ್ರತಿ ಮನೆಯನ್ನೂ ಒಂದೊಂದು ಹಿಂಡೆಂದು ಎಣಿಸುವುದೂ ತಪ್ಪು. ಅವು ಕುಡಿಯುವುದು ಒಂದೇ ತೊಟ್ಟಿಯ ನೀರು, ಮೇಯುವುದು ಒಂದೇ ಕೆರೆಯಂಗಳದಲ್ಲಿ.

ಇದಕ್ಕಿಂತ ದೊಡ್ಡ ಲೋಪ ಸಂತೆಯಲ್ಲಿದೆ. ಕಂದು ಹಾಕಿದ ಹಸುವನ್ನು ರೈತರು ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಸಾಲದ ಕಂತು ಕಟ್ಟಬೇಕಾದವರು ಮಾರುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಸೋಂಕು ತಗುಲಿದ ಹಸು ಸಾಮಾನ್ಯವಾಗಿ ಒಮ್ಮೆ ಕಂದು ಹಾಕಿ, ಮುಂದಿನ ಸಲ ತುಂಬುಗರು ಹಾಕುತ್ತದೆ. ಕೊಂಡವರಿಗೆ ಅನುಮಾನವೇ ಬರುವುದಿಲ್ಲ. ಅದರ ಕಸ, ಸೋರಿಕೆಗಳಲ್ಲಿ ಮಾತ್ರ ರೋಗಾಣು ತುಂಬಿರಬಹುದು. ತಿಪ್ಪೆಗೆ ಎಸೆದ ಕಸವನ್ನು ನಾಯಿ ಎಳೆದಾಡುತ್ತದೆ, ಪಕ್ಕದ ಮನೆಯ ಮಣಕ ಮೂಸುತ್ತದೆ. ಒಂದೇ ದಿನ ರಕ್ತ ತೆಗೆದುಹೋಗುವ ಸಮೀಕ್ಷೆಗೆ ಹಳೆಯ ಊರು ಶುದ್ಧವಾಗಿ, ಹೊಸ ಊರು ರೋಗದ ಮೂಲವಾಗಿ ಕಾಣುತ್ತದೆ. ಸೋಂಕಿನೊಂದಿಗೇ ಹುಟ್ಟಿದ ಕೆಲವು ಹೆಣ್ಣು ಕರುಗಳು ಮೊದಲ ಗಬ್ಬದವರೆಗೂ ನೆಗೆಟಿವ್ ಆಗಿಯೇ ಉಳಿಯಬಲ್ಲವು. ಅವೂ ಲೆಕ್ಕದ ಹೊರಗೇ.

1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಈ ರೋಗಾಣುವನ್ನು ಪ್ರಕಟಿಸಿದ್ದು ಗರ್ಭಪಾತದ ಹಸುಗಳನ್ನೇ ಪರೀಕ್ಷಿಸಿ. ನಮ್ಮ ಅಧ್ಯಯನವೂ ಅಲ್ಲಿಂದಲೇ ಹೊರಡಬೇಕೆಂದು ನನ್ನ ವಾದ. ಕಂದು ಹಾಕಿದ ಸುದ್ದಿ ಬಂದ ಕೂಡಲೇ ಕಸದ ಮಾದರಿ ತೆಗೆಯಬೇಕು. ಕಿವಿಯೋಲೆಯ 12 ಅಂಕಿಗಳ ಸಂಖ್ಯೆ ಹಿಡಿದು ಆ ಹಸು ಎಲ್ಲಿಂದ ಬಂತು, ಜೊತೆಗಿದ್ದವು ಎಲ್ಲಿಗೆ ಹೋದವು ಎಂದು ಬೆನ್ನಟ್ಟಬೇಕು. ಲಸಿಕೆಯ ದಾಖಲೆಯನ್ನೂ ಅದೇ ಸಂಖ್ಯೆಗೆ ಕಟ್ಟಬೇಕು. ಏಕೆಂದರೆ ತಡವಾಗಿ ಹಾಕಿದ ಲಸಿಕೆಯ ಪ್ರತಿಕಾಯ ರೋಸ್ ಬೆಂಗಾಲ್‌ನಲ್ಲಿ ರೋಗದಂತೆಯೇ ತೋರಬಹುದು. ಬರಿಗೈಯಲ್ಲಿ ಕಸ ತೆಗೆದವರ, ಹಾಲು ಕರೆಯುವ ಹೆಂಗಸರ ರಕ್ತವನ್ನೂ ಆಗಲೇ ಪರೀಕ್ಷಿಸಬೇಕು. ತಿಂಗಳುಗಟ್ಟಲೆ ಬಂದುಹೋಗುವ ಜ್ವರ, ಕೀಲುನೋವು ಅನುಭವಿಸುವವರು ಅವರೇ.

ಇಷ್ಟಕ್ಕೆಲ್ಲ ರೈತರು ಬಾಯಿ ಬಿಡಬೇಕು. ಪಾಸಿಟಿವ್ ಎಂದು ಹೆಸರು ಬಂದ ಹಸುವಿಗೆ ಬೆಲೆ ಬಿದ್ದುಹೋಗುವುದು ಅವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಪರಿಹಾರದ ಹಣವನ್ನು ಬೇರೆ ಇಲಾಖೆಯ ಮಾತೆಂದು ಬಿಡದೆ, ಸೂಜಿ, ನಳಿಗೆಗಳ ಖರ್ಚಿನ ಜೊತೆಗೇ ಅಧ್ಯಯನದ ಅಂದಾಜುಪಟ್ಟಿಯಲ್ಲಿ ಸೇರಿಸಬೇಕು.